ಬಜಪೆಯಲ್ಲಿ ಇಳಿಯದೆ ಹೋದ ವಿಮಾನಗಳನ್ನು ಡೇಟಾದಲ್ಲಿ ಹುಡುಕುವುದು ಹೇಗೆ?

ಜುಲೈಯಲ್ಲಿ ನಿಮ್ಮ ತಂದೆ ದುಬೈಯಿಂದ ಬಂದ ವಿಮಾನ ಬಜಪೆಯ ಮಂಗಳೂರು ವಿಮಾನ ನಿಲ್ದಾಣದ ಮೇಲೆ ಸುತ್ತು ಹಾಕಿ, ಇಳಿಯಲಾಗದೆ ಕೊಚ್ಚಿಗೆ ಹೋಯಿತು. ಆ ಮಳೆಗಾಲದಲ್ಲಿ ಹೀಗೆ ಎಷ್ಟು ಬಾರಿ ಆಗಿದೆ ಎಂದು ಎಣಿಸಬೇಕು, ಆದರೆ ಫ್ಲೈಟ್ ನಂಬರ್ ಕೊಟ್ಟು ವಿಮಾನಗಳ ಜಾಡಿನ ಡೇಟಾಬೇಸಿಗೆ ಎಸ್‌ಕ್ಯೂಎಲ್ ಭಾಷೆಯಲ್ಲಿ ಕ್ವೆರಿ (ಪ್ರಶ್ನೆ) ಬರೆದರೆ ಒಂದು ಸಾಲೂ ಬರುತ್ತಿಲ್ಲ ಎಂದು ಕೇಳಿದ್ದೀರಿ.

ಫ್ಲೈಟ್ ನಂಬರನ್ನು ಬಿಟ್ಟುಬಿಡಿ. ಆಕಾಶದ ಒಂದು ತುಂಡನ್ನು ಹುಡುಕಿ.

ವಿಮಾನದ ಟ್ರಾನ್ಸ್‌ಪಾಂಡರ್, ಅಂದರೆ ತನ್ನ ಗುರುತನ್ನು ರೇಡಿಯೊದಲ್ಲಿ ಸಾರುವ ಉಪಕರಣ, 1090 ಮೆಗಾಹರ್ಟ್ಸ್‌ನಲ್ಲಿ ಬಿತ್ತರಿಸುವ ಸಂದೇಶದಲ್ಲಿ ಟಿಕೆಟಿನ ಮೇಲಿನ ನಂಬರ್ ಇರುವುದೇ ಇಲ್ಲ. ಇರುವುದು ಕಾಲ್‌ಸೈನ್, ಅಂದರೆ ಆ ಹಾರಾಟದ ರೇಡಿಯೊ ಹೆಸರು. ಇಂಡಿಗೋ ಆದರೆ ಐಜಿಒ, ಏರ್ ಇಂಡಿಯಾ ಎಕ್ಸ್‌ಪ್ರೆಸ್ ಆದರೆ ಎಎಕ್ಸ್‌ಬಿ ಎಂದು ಆರಂಭವಾಗುತ್ತದೆ. ಮುಂದಿನ ಅಂಕಿಗಳು ಟಿಕೆಟಿನವೇ ಆಗಿರಬೇಕೆಂದಿಲ್ಲ. ಇನ್ನೊಂದು ತೊಡಕೂ ಇದೆ. ಕಾಲ್‌ಸೈನ್‌ಗೆ ಎಂಟು ಅಕ್ಷರಗಳ ಜಾಗ, ಉಳಿದದ್ದು ಖಾಲಿ ಸ್ಪೇಸ್. ನೀವು ಸಮ ಚಿಹ್ನೆ ಹಾಕಿ ಆರೇ ಅಕ್ಷರ ಕೊಟ್ಟರೆ ಹೊಂದಾಣಿಕೆ ಆಗುವುದಿಲ್ಲ. ನಾನು ಒಂದು ರಾತ್ರಿಯಿಡೀ ಡೇಟಾ ಇಲ್ಲವೆಂದೇ ನಂಬಿ ಕುಳಿತಿದ್ದೆ. ಆ ಖಾಲಿ ಸ್ಪೇಸ್‌ಗಳನ್ನು ಕತ್ತರಿಸುವ ಟ್ರಿಮ್ ಹಾಕಿದ ಕೂಡಲೇ ಸಾಲುಗಳು ಬಂದವು.

ನಂಬಿಕೆಗೆ ಯೋಗ್ಯವಾದ ಗುರುತು ಪ್ರತಿ ವಿಮಾನಕ್ಕೂ ಕೊಟ್ಟಿರುವ 24 ಬಿಟ್‌ಗಳ ವಿಳಾಸ. ಇಂಥ ಸಂದೇಶಗಳನ್ನು ಸಂಗ್ರಹಿಸಿಡುವ ಓಪನ್‌ಸ್ಕೈ ನೆಟ್‌ವರ್ಕ್‌ನ ಟೇಬಲ್‌ಗಳಲ್ಲಿ ಅದರ ಕಾಲಂ ಹೆಸರು ಐಸಿಎಒ24. ಭಾರತದಲ್ಲಿ ನೋಂದಣಿಯಾದ ವಿಮಾನಗಳ ವಿಳಾಸ 80ರಿಂದ 83ರೊಳಗಿನ ಅಂಕಿಗಳಿಂದ ಆರಂಭವಾಗುತ್ತದೆ. ಪ್ರತಿ ಹಾರಾಟಕ್ಕೂ ಕಾಲ್‌ಸೈನ್ ಬದಲಾಗಬಹುದು, ಇದು ಹಾಗೆ ಬದಲಾಗುವುದಿಲ್ಲ.

ಈಗ ಕ್ವೆರಿ. ಅಕ್ಷಾಂಶ 12.8ರಿಂದ 13.1, ರೇಖಾಂಶ 74.6ರಿಂದ 75.1 ಎಂದು ಚೌಕ ಕಟ್ಟಿ. ಉಳ್ಳಾಲದಿಂದ ಮೂಲ್ಕಿ, ಕಡಲೊಳಗಿನಿಂದ ಮೂಡುಬಿದಿರೆಯಾಚೆ. ಬಜಪೆ ನಡುವೆ ಬರುತ್ತದೆ. ಎತ್ತರ 3000 ಮೀಟರಿಗಿಂತ ಕಡಿಮೆ ಎಂಬ ಷರತ್ತು ಸೇರಿಸಿದರೆ ಗಲ್ಫ್‌ನಿಂದ ಬೆಂಗಳೂರು, ಚೆನ್ನೈಗೆ ನಮ್ಮ ತಲೆಯ ಮೇಲೆಯೇ ಹಾದುಹೋಗುವ ವಿಮಾನಗಳು ಉದುರಿಹೋಗುತ್ತವೆ.

ಅವರ್ ಎಂಬ ಕಾಲಂಗೆ ಮಿತಿ ಹಾಕುವುದನ್ನು ಮರೆಯಲೇಬೇಡಿ. ಡೇಟಾವನ್ನು ಗಂಟೆಗಳ ಲೆಕ್ಕದಲ್ಲಿ ವಿಂಗಡಿಸಿ ಇಟ್ಟಿದ್ದಾರೆ. ಮಿತಿ ಇಲ್ಲದಿದ್ದರೆ ನಿಮ್ಮ ಕ್ವೆರಿ ಇಡೀ ಜಗತ್ತಿನ ಇಷ್ಟೂ ವರ್ಷಗಳ ಆಕಾಶವನ್ನು ಓದಲು ಹೊರಡುತ್ತದೆ. ಆ ಗಂಟೆ ಯುಟಿಸಿಯದು, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದ್ದು, ನಮ್ಮದಲ್ಲ. ಜುಲೈ 14ರ ನಸುಕಿನ 4:40ಕ್ಕೆ ಬಜಪೆಗೆ ಬಂದ ವಿಮಾನ ಅಲ್ಲಿ ಜುಲೈ 13ರ 23:10ರ ಸಾಲಿನಲ್ಲಿ ಕುಳಿತಿರುತ್ತದೆ. ಗಲ್ಫ್ ವಿಮಾನಗಳಲ್ಲಿ ಹಲವು ಬರುವುದೇ ಆ ಹೊತ್ತಿಗೆ. ಹಾಗಾಗಿ ದಿನಗಳನ್ನು ಎಣಿಸುವ ಮೊದಲು 19,800 ಸೆಕೆಂಡು ಕೂಡಿಸಿಕೊಳ್ಳಿ.

ಇಳಿಯಿತೋ ಇಲ್ಲವೋ ಎಂದು ತಿಳಿಯುವುದೇ ಕಷ್ಟದ ಭಾಗ. ಅತಿ ಕಡಿಮೆ ಎತ್ತರವನ್ನು ನೋಡಿ ತೀರ್ಮಾನಿಸೋಣ ಎನಿಸುತ್ತದೆ, ಆದರೆ ಅದು ಮೋಸ ಮಾಡುತ್ತದೆ. ಬ್ಯಾರೊಆಲ್ಟಿಟ್ಯೂಡ್ ಕಾಲಂನ ಎತ್ತರ 1013.25 ಹೆಕ್ಟೋಪಾಸ್ಕಲ್ ಒತ್ತಡವನ್ನು ಆಧಾರವಾಗಿಟ್ಟು ಅಳೆದದ್ದು. ಆಟಿ ತಿಂಗಳ ಮಳೆಯಲ್ಲಿ ಒತ್ತಡ 1005ಕ್ಕೆ ಇಳಿದಿದ್ದರೆ, ಸಮುದ್ರಮಟ್ಟದಿಂದ ಸುಮಾರು 100 ಮೀಟರ್ ಎತ್ತರದ ನಮ್ಮ ಗುಡ್ಡದ ರನ್‌ವೇಯನ್ನು ಮುಟ್ಟಿದ ವಿಮಾನವೂ 170 ಮೀಟರ್ ಆಸುಪಾಸಿನಲ್ಲಿ ತೇಲುತ್ತಿರುವಂತೆ ಕಾಣುತ್ತದೆ. ರನ್‌ವೇ ಕಾಣದೆ ಕೊನೆಯ ಗಳಿಗೆಯಲ್ಲಿ ಮೇಲೇರಿದ ವಿಮಾನದ ಅಂಕಿಯೂ ಅದಕ್ಕಿಂತ ಬಹಳ ದೂರ ಇರುವುದಿಲ್ಲ.

ನಾನು ಬಿಡುವನ್ನು ಎಣಿಸುತ್ತೇನೆ. ಆನ್‌ಗ್ರೌಂಡ್ ಕಾಲಂ ನೋಡಿ ನೆಲದ ಸಾಲುಗಳನ್ನು ತೆಗೆದುಹಾಕಿ, ಪ್ರತಿ ವಿಳಾಸದ ಸಾಲುಗಳನ್ನು ಸಮಯದ ಕ್ರಮದಲ್ಲಿ ಜೋಡಿಸಿ, ಲ್ಯಾಗ್ ಬಳಸಿ ಹಿಂದಿನ ಸಾಲಿನಿಂದ ಎಷ್ಟು ಸೆಕೆಂಡು ಕಳೆದಿದೆ ಎಂದು ನೋಡಿ. ಇಳಿದ ವಿಮಾನ ಪ್ರಯಾಣಿಕರನ್ನು ಇಳಿಸಿ, ಹತ್ತಿಸಿ ಮತ್ತೆ ಏರಬೇಕಾದರೆ ಅರ್ಧ ಗಂಟೆಯಾದರೂ ಬೇಕು; ಅಷ್ಟು ದೊಡ್ಡ ಬಿಡುವು ಕಾಣುತ್ತದೆ. ಎತ್ತರ ಇಳಿದು, ಬಿಡುವಿಲ್ಲದೆ ಮತ್ತೆ ಏರಿ, ಚೌಕದಿಂದಲೇ ಹೊರಗೆ ಹೋಗಿದ್ದರೆ ಅದೇ ನೀವು ಹುಡುಕುತ್ತಿರುವ ವಿಮಾನ. ಅದರ ವಿಳಾಸ ಹಿಡಿದು, ಚೌಕದ ಷರತ್ತನ್ನು ತೆಗೆದು, ಮುಂದಿನ ಎರಡು ಗಂಟೆಗಳನ್ನು ಮತ್ತೊಮ್ಮೆ ಕೇಳಿ. ಕೊಚ್ಚಿಯೋ ಬೆಂಗಳೂರೋ ಎಂದು ಗೊತ್ತಾಗುತ್ತದೆ.

ನಮ್ಮ ಮನೆ ಬಜಪೆಯ ಹತ್ತಿರವೇ. ಇಂಜಿನ್ ಸದ್ದು ತಗ್ಗುತ್ತಾ ಬಂದು ಥಟ್ಟನೆ ಜೋರಾಗಿ ಮೇಲೇರಿದರೆ ಊಟಕ್ಕೆ ಕುಳಿತವರೂ ಕೈ ತಡೆದು ತಲೆ ಎತ್ತುತ್ತಾರೆ. 2010ರ ಮೇ 22ರ ವಿಮಾನ ದುರಂತದಲ್ಲಿ 158 ಜನರನ್ನು ಕಳೆದುಕೊಂಡ ಊರು ಇದು. ಇಳಿಯದೆ ಹೋದದ್ದನ್ನು ನಾನು ತಪ್ಪಿನ ಪಟ್ಟಿಗೆ ಸೇರಿಸುವುದಿಲ್ಲ. ನಿಮ್ಮ ಎಣಿಕೆಯಲ್ಲೂ ಅದನ್ನು ವಿಮಾನ ಕಂಪನಿಯ ವಿರುದ್ಧದ ದೂರಿಗೆ ಆಧಾರವಾಗಿ ಬಳಸಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಸಾಲುಗಳು ನಡುವೆ ನಿಂತುಹೋದರೆ ವಿಮಾನ ಇಳಿಯಿತು ಎಂದೂ ಬರೆದುಕೊಳ್ಳಬೇಡಿ. ಈ ಡೇಟಾ ಬರುವುದು ಆಸಕ್ತರು ಮನೆಯ ಮೇಲೆ ಇಟ್ಟ ರಿಸೀವರ್‌ಗಳಿಂದ. ಗುಡ್ಡ ಅಡ್ಡ ಬಂದರೆ, ಕರೆಂಟ್ ಹೋದರೆ ಅಲ್ಲಿಗೆ ದಾಖಲೆಯೂ ನಿಲ್ಲುತ್ತದೆ, ಮಳೆಗಾಲದಲ್ಲಂತೂ ಇದು ಆಗುತ್ತಲೇ ಇರುತ್ತದೆ. ಖಾಲಿ ಇರುವ ಗಂಟೆಗಳನ್ನು ಬೇರೆಯೇ ಪಟ್ಟಿ ಮಾಡಿಡಿ.

ಓಪನ್‌ಸ್ಕೈನ ಹಳೆಯ ದಾಖಲೆಗಳಿಗೆ ಅರ್ಜಿ ಹಾಕಿ ಅನುಮತಿ ಪಡೆಯಬೇಕು; ನೀವು ವಿದ್ಯಾರ್ಥಿಯಾದ್ದರಿಂದ ಕಾಲೇಜಿನ ಪ್ರಾಧ್ಯಾಪಕರ ಮೂಲಕ ಕೇಳುವುದು ಒಳ್ಳೆಯದು. ಅಲ್ಲಿಯವರೆಗೆ ತಂದೆಯವರ ಪ್ರಯಾಣದ ದಿನಾಂಕ ಮತ್ತು ಅಂದಾಜು ಸಮಯವನ್ನು ಕೆಳಗೆ ಬರೆಯಿರಿ. ನಮ್ಮ ಮಹಡಿಯ ರಿಸೀವರಿನ ಜುಲೈ ದಾಖಲೆಯನ್ನು ಇನ್ನೂ ಅಳಿಸಿಲ್ಲ, ಆ ರಾತ್ರಿಯ ಸಾಲುಗಳನ್ನು ತೆಗೆದು ನೋಡುತ್ತೇನೆ.