ಸಂಪಾದಕರ ಉತ್ತರ: ಪಕ್ಕದ ಮನೆಯ ಬೀಗದ ಕೈ

ನ್ಯೂಜೆರ್ಸಿಯಲ್ಲಿರುವ ಹಾಸನದ ಕಡೆಯ ಓದುಗರೊಬ್ಬರು ಬರೆದಿದ್ದಾರೆ. ಪತ್ರ ಉದ್ದವಿದೆ, ಮುಖ್ಯ ಭಾಗ ಇಷ್ಟು:

"ನಮ್ಮ ಬೀದಿಯಲ್ಲಿ ಯಹೂದಿಗಳ ಮನೆಗಳು ಜಾಸ್ತಿ. ಪಾಸೋವರ್ ಹಬ್ಬಕ್ಕೆ ಮುಂಚೆ ಪಕ್ಕದ ಮನೆಯವರು ತಮ್ಮ ಧರ್ಮಗುರು ರಬ್ಬಿಯನ್ನು ಕರೆದುಕೊಂಡು ಬಂದರು. ಹಬ್ಬದ ಎಂಟು ದಿನ ಅವರ ಹತ್ತಿರ ಬ್ರೆಡ್ಡು, ಬಿಸ್ಕತ್ತು, ವಿಸ್ಕಿ ಏನೂ ಇರಬಾರದಂತೆ. ಅದಕ್ಕೆ ಎಲ್ಲವನ್ನೂ ನಮ್ಮ ಯಜಮಾನರಿಗೆ ಮಾರಿದರು. ಕಾಗದ ಬರೆದು, ಮುಂಗಡ ಅಂತ ನೂರು ಡಾಲರ್ ತೆಗೆದುಕೊಂಡು, ಕಪಾಟಿನ ಬೀಗದ ಕೈ ಕೊಟ್ಟರು. ಹಬ್ಬ ಮುಗಿದ ರಾತ್ರಿ ವಾಪಸ್ ಕೊಂಡುಕೊಂಡರು. ಸಾಮಾನು ಇದ್ದ ಜಾಗ ಬಿಟ್ಟು ಅಲುಗಾಡಲೇ ಇಲ್ಲ! ಇನ್ನು ಕಂಬಗಳಿಗೆ ತಂತಿ ಕಟ್ಟಿ, ಇಡೀ ಬಡಾವಣೆಯೇ ಒಂದು ಮನೆ ಅಂದುಕೊಂಡು ಶನಿವಾರ ಮಗು ಎತ್ತಿಕೊಂಡು ಓಡಾಡುತ್ತಾರೆ. ಇದು ದೇವರಿಗೇ ಟೋಪಿ ಹಾಕಿದ ಹಾಗಲ್ವಾ? ನಮ್ಮತ್ತೆ ಏಕಾದಶಿ ದಿನ ಅನ್ನ ಬಿಟ್ಟು ಉಪ್ಪಿಟ್ಟು ತಿನ್ನುತ್ತಿದ್ದದ್ದು ನೆನಪಾಗಿ ನಗು ಬಂತು. ಎಲ್ಲ ಧರ್ಮದಲ್ಲೂ ಕಳ್ಳದಾರಿ ಇದ್ದೇ ಇರುತ್ತೆ. ಅದಿರಲಿ, ಮುಂದಿನ ಸಲ ಬೀಗದ ಕೈ ವಾಪಸ್ ಕೊಡುವಾಗ ಬರಿಗೈಯಲ್ಲಿ ಹೋಗುವುದು ಸರಿ ಕಾಣಲ್ಲ. ಏನು ತೆಗೆದುಕೊಂಡು ಹೋಗಬಹುದು?"

ತಾಯಿ, ನಿಮ್ಮ ಕೊನೆಯ ಪ್ರಶ್ನೆ ಓದಿ ಮನಸ್ಸು ತುಂಬಿತು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು 'ಕಳ್ಳದಾರಿ' ಅಂದಿರಲ್ಲ, ಆ ಮಾತಿಗೆ ನನ್ನ ತಕರಾರಿದೆ. ತುಂಬ ವರ್ಷದಿಂದ ಇರುವ ತಕರಾರು ಅದು.

ನಿಮ್ಮ ಅನುಮಾನ ಹೊಸದೇನಲ್ಲ, ಅದನ್ನು ಒಪ್ಪುತ್ತೇನೆ. 18ನೇ ಶತಮಾನದಲ್ಲಿ ವಿಲ್ನಾ ಊರಿನ ದೊಡ್ಡ ಪಂಡಿತ ಎಲಿಯಾ ಕೂಡ ಹೀಗೆ ಮಾರಿ ವಾಪಸ್ ಕೊಳ್ಳುವುದನ್ನು ಮೆಚ್ಚಲಿಲ್ಲ. ಇವತ್ತಿಗೂ ಕೆಲವು ಯಹೂದಿ ಮನೆಗಳಲ್ಲಿ ಬ್ರೆಡ್ಡನ್ನು ಮಾರುವುದಿಲ್ಲ. ತಿಂದು ಮುಗಿಸುತ್ತಾರೆ, ಉಳಿದದ್ದನ್ನು ಸುಡುತ್ತಾರೆ. ಅದು ಅವರ ಶ್ರದ್ಧೆ. ಅಷ್ಟು ಸರಿ.

ಆದರೆ ಈ ಮಾರಾಟ ಹುಟ್ಟಿದ್ದು ಹೇಗೆ ಅಂತ ನೋಡಿ. ಗೋಧಿ, ಬಾರ್ಲಿ, ರೈ, ಓಟ್ಸ್, ಸ್ಪೆಲ್ಟ್ ಈ ಐದು ಧಾನ್ಯದ ಹಿಟ್ಟಿಗೆ ನೀರು ಬಿದ್ದು 18 ನಿಮಿಷ ಸುಮ್ನೆ ಬಿಟ್ಟರೆ ಅದು ಹುಳಿ ಬಂತು ಅಂತ ಅವರ ಲೆಕ್ಕ. ಅದಕ್ಕೆ ಹಮೇತ್ಸ್ ಅನ್ನುತ್ತಾರೆ. ಪಾಸೋವರ್ ದಿನಗಳಲ್ಲಿ ಅದನ್ನು ತಿನ್ನಬಾರದು. ಅಷ್ಟೇ ಆಗಿದ್ದರೆ ಕಷ್ಟವಿರಲಿಲ್ಲ, ಅದರ ಒಡೆಯರೂ ಆಗಿರಬಾರದು. ಅದಕ್ಕೇ ಹಬ್ಬದ ಮುಂಚಿನ ರಾತ್ರಿ ಮೇಣದ ಬತ್ತಿ ಹಿಡಿದು, ಹಕ್ಕಿಯ ಗರಿಯಿಂದ ಮೂಲೆ ಮೂಲೆ ಗುಡಿಸಿ ಬ್ರೆಡ್ಡಿನ ಚೂರು ಹುಡುಕುತ್ತಾರೆ. ಹುಡುಕಾಟ ವ್ಯರ್ಥವಾಗಬಾರದು ಅಂತ ಮನೆಯವರೇ ಹತ್ತು ಚೂರು ಅಲ್ಲಲ್ಲಿ ಬಚ್ಚಿಟ್ಟಿರುತ್ತಾರೆ, ಮಕ್ಕಳು ಹುಡುಕಲಿ ಅಂತ. ಬೆಳಗ್ಗೆ ಅವನ್ನೆಲ್ಲ ಸುಡುತ್ತಾರೆ. ಇಷ್ಟು ಮಾಡುವವರು ದೇವರಿಗೆ ಟೋಪಿ ಹಾಕುವ ಜನ ಅಂತ ನಿಮಗೆ ಅನ್ನಿಸುತ್ತದೆಯೇ?

ತೊಸೆಫ್ತಾ ಅಂತ ಅವರದೊಂದು ಹಳೆಯ ಗ್ರಂಥವಿದೆ, ಮೂರನೇ ಶತಮಾನದ ಆಸುಪಾಸಿನದು. ಅದರಲ್ಲಿ ಒಂದು ಹಡಗಿನ ಮಾತು ಬರುತ್ತದೆ. ಒಬ್ಬ ಯಹೂದಿ, ಒಬ್ಬ ಅನ್ಯಧರ್ಮದವ ಒಟ್ಟಿಗೆ ಹಡಗಿನಲ್ಲಿದ್ದಾರೆ. ಹಬ್ಬ ಬಂತು, ಯಹೂದಿಯ ಹತ್ತಿರ ಹಮೇತ್ಸ್ ಇದೆ. ಏನು ಮಾಡಬೇಕು? ಜೊತೆಯವನಿಗೆ ಮಾರಲಿ, ಇಲ್ಲವೇ ಕೊಟ್ಟುಬಿಡಲಿ, ಹಬ್ಬ ಮುಗಿದ ಮೇಲೆ ಅವನಿಂದ ವಾಪಸ್ ಕೊಳ್ಳಬಹುದು, ಆದರೆ ಕೊಡುವಾಗ ಪೂರ್ತಿ ಮನಸ್ಸಿನಿಂದ ಕೊಟ್ಟಿರಬೇಕು ಅಂತ ಹೇಳಿದೆ. ಸಮುದ್ರದ ನಡುವೆ ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಆಗುವ ದಾರಿ ಅದು. ನಿಮ್ಮ ಯಜಮಾನರು ಸಹಿ ಹಾಕಿದ ಕಾಗದದ ಬೇರು ಆ ಹಡಗಿನಲ್ಲಿದೆ.

ಆಮೇಲೆ ಪೋಲೆಂಡಿನ ಕಾಲ ಬಂತು. ಅಲ್ಲಿನ ಜಮೀನ್ದಾರರು ತಮ್ಮ ಹೆಂಡದ ಭಟ್ಟಿ, ಛತ್ರಗಳನ್ನು ಯಹೂದಿಗಳಿಗೆ ಗುತ್ತಿಗೆ ಕೊಡುತ್ತಿದ್ದರು. ಬೇರೆ ಕಸುಬುಗಳ ಬಾಗಿಲು ಅವರಿಗೆ ಅರ್ಧ ಮುಚ್ಚಿತ್ತು. ಉಗ್ರಾಣದ ತುಂಬ ಧಾನ್ಯದ ಹೆಂಡ. ಪಾಸೋವರ್ ಬಂದರೆ ಎಲ್ಲವನ್ನೂ ಚೆಲ್ಲಬೇಕು. ಚೆಲ್ಲದೆ ಇಟ್ಟುಕೊಂಡರೆ ಹಬ್ಬ ಮುಗಿದ ಮೇಲೂ ಅದನ್ನು ಮುಟ್ಟುವ ಹಾಗಿಲ್ಲ, ಅಷ್ಟು ಬಿಗಿ ನಿಯಮ. ಮನೆ ಮುಳುಗುತ್ತಿತ್ತು. ಆಗ ಕ್ರಾಕೋವ್‌ನ ರಬ್ಬಿ ಯೋಯೆಲ್ ಸಿರ್ಕಿಸ್, 1640ರಲ್ಲಿ ತೀರಿಕೊಂಡವರು, ಹೇಳಿದರು: ಸಾಮಾನು ಹೊರಗೆ ಸಾಗಿಸಬೇಕಾಗಿಲ್ಲ, ಅದಿರುವ ಕೋಣೆಯನ್ನೂ ಸೇರಿಸಿ ಮಾರಿ, ಬೀಗದ ಕೈ ಕೊಡಿ. ಅಲ್ಲಿಂದ ಬಂದದ್ದು ನಿಮ್ಮ ಮನೆಗೆ ಬಂದ ಬೀಗದ ಕೈ. ಹೊಟ್ಟೆಪಾಡೂ ನಡೆಯಬೇಕು, ನಿಯಮವೂ ಉಳಿಯಬೇಕು ಅಂತ ತಲೆ ಕೆಡಿಸಿಕೊಂಡವರ ಕೆಲಸ ಇದು. ನನಗೆ ಇದರಲ್ಲಿ ಕರುಣೆ ಕಾಣುತ್ತದೆ.

ಮತ್ತೆ ಅದು ನಾಟಕವೂ ಅಲ್ಲ. ಆ ಎಂಟು ದಿನದಲ್ಲಿ ನಿಮ್ಮ ಯಜಮಾನರು ಬೀಗ ತೆಗೆದು ವಿಸ್ಕಿ ಬಾಟಲಿ ಎತ್ತಿಕೊಂಡು ಬಂದಿದ್ದರೆ ಯಾರೂ ತಡೆಯುವ ಹಾಗಿರಲಿಲ್ಲ. ಬಾಕಿ ಹಣ ಕೇಳಬಹುದಿತ್ತು, ಅಷ್ಟೆ. ಇಸ್ರೇಲಿನಲ್ಲಿ ಸರ್ಕಾರದ ಉಗ್ರಾಣಗಳ ಹಮೇತ್ಸನ್ನೂ ಹೀಗೆ ಮಾರುತ್ತಾರೆ. ಜೆರುಸಲೇಮಿನ ಪಕ್ಕದ ಅಬು ಘೋಷ್ ಊರಿನ ಒಬ್ಬ ಮುಸ್ಲಿಂ, ಹೋಟೆಲಿನಲ್ಲಿ ಕೆಲಸ ಮಾಡುವವರು, 1990ರ ದಶಕದ ಕೊನೆಯಿಂದ ಇಪ್ಪತ್ತಕ್ಕೂ ಹೆಚ್ಚು ವರ್ಷ ಅದನ್ನು ಕೊಂಡರು. ಅವರಿಗಿಂತ ಮುಂಚೆ ಕೊಳ್ಳುತ್ತಿದ್ದವರನ್ನು ಯಾಕೆ ಬಿಟ್ಟರು ಗೊತ್ತಾ? ಅವರ ತಾಯಿಯ ತಾಯಿ ಯಹೂದಿ ಅಂತ ತಿಳಿಯಿತು. ಹಾಗಾದರೆ ಯಹೂದಿ ಶಾಸ್ತ್ರದ ಪ್ರಕಾರ ಅವರೂ ಯಹೂದಿಯೇ, ಮಾರಾಟ ಊರ್ಜಿತವಾಗುವುದಿಲ್ಲ. ಬರೀ ತೋರಿಕೆಯಾಗಿದ್ದರೆ ಅಜ್ಜಿಯ ಮೂಲ ಯಾರಿಗೆ ಬೇಕಿತ್ತು?

ಇದೇ ಜಾಡಿನ ಇನ್ನೊಂದು ಕಥೆ ಹೇಳದೆ ಇರಲಾರೆ. ಅವರಲ್ಲಿ ಏಳು ವರ್ಷಕ್ಕೊಮ್ಮೆ ಸಾಲಗಳೆಲ್ಲ ಮನ್ನಾ ಆಗಬೇಕು ಅಂತ ನಿಯಮ. ಬಡವರಿಗೆ ಒಳ್ಳೆಯದಾಗಲಿ ಅಂತ ಮಾಡಿದ್ದು. ಆದದ್ದು ಏನು? ಆ ವರ್ಷ ಹತ್ತಿರ ಬಂದ ಹಾಗೆ ಯಾರೂ ಬಡವರಿಗೆ ಸಾಲ ಕೊಡದೆ ಹೋದರು. ಆಗ ಹಿಲ್ಲೇಲ್ ಎಂಬ ಗುರು, ಎರಡು ಸಾವಿರ ವರ್ಷದ ಹಿಂದೆ, ಪ್ರೋಸ್ಬುಲ್ ಅಂತ ಒಂದು ಪತ್ರ ತಂದರು. ಸಾಲವನ್ನು ನ್ಯಾಯಾಲಯದ ಕೈಗೆ ಒಪ್ಪಿಸುವ ಪತ್ರ. ನ್ಯಾಯಾಲಯಕ್ಕೆ ಸೇರಿದ ಸಾಲ ಮನ್ನಾ ಆಗುವುದಿಲ್ಲ. ಬಡವರಿಗೆ ಮತ್ತೆ ಸಾಲ ಹುಟ್ಟಿತು. ಹೊರಗಿನಿಂದ ನೋಡಿದರೆ ಇದೂ ಕಳ್ಳದಾರಿಯೇ. ಸಾಲ ಬೇಕಿದ್ದ ರೈತನನ್ನು ಕೇಳಿದರೆ ಬೇರೆ ಮಾತು ಹೇಳುತ್ತಿದ್ದ.

ತಂತಿಯ ವಿಷಯಕ್ಕೆ ಬರೋಣ. ಅದಕ್ಕೆ ಎರುವ್ ಅನ್ನುತ್ತಾರೆ. ಶನಿವಾರ, ಅಂದರೆ ಅವರ ವಾರದ ವಿಶ್ರಾಂತಿಯ ಶಬ್ಬಾತ್ ದಿನ, ಮನೆಯಿಂದ ಬೀದಿಗೆ ಏನನ್ನೂ ಹೊತ್ತು ಒಯ್ಯಬಾರದು. ಮಗುವಿನ ಗಾಡಿಯನ್ನೂ ತಳ್ಳುವ ಹಾಗಿಲ್ಲ. ಎರುವ್ ಇಲ್ಲದ ಊರಿನಲ್ಲಿ ಈ ನಿಯಮದಿಂದ ಮನೆಯಲ್ಲೇ ಕೂರುವವರು ಯಾರು? ಗಂಡಸರಲ್ಲ. ಕೈಗೂಸಿನ ತಾಯಂದಿರು, ಗಾಲಿ ಕುರ್ಚಿಯ ಮುದುಕರು. ಕಂಬ ಮತ್ತು ತಂತಿ ಸೇರಿ ಬಾಗಿಲ ಚೌಕಟ್ಟಿನ ಲೆಕ್ಕ, ಸುತ್ತ ಹೀಗೆ ಬಾಗಿಲು ನಿಲ್ಲಿಸಿದರೆ ಒಳಗಿನದೆಲ್ಲ ಒಂದು ಅಂಗಳ. ಅಷ್ಟೇ ಸಾಲದು. ಆ ಅಂಗಳದ ಎಲ್ಲರ ಪರವಾಗಿ ಒಂದು ಕಡೆ ಊಟದ ಪದಾರ್ಥ ಇಟ್ಟಿರಬೇಕು, ಸಾಮಾನ್ಯವಾಗಿ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ಒಂದು ಡಬ್ಬ ಮಾತ್ಸಾ, ಅಂದರೆ ಹುಳಿ ಬರಿಸದ ರೊಟ್ಟಿ. ಊಟ ಒಂದಾದರೆ ಮನೆ ಒಂದು, ಎಷ್ಟು ಚೆನ್ನಾಗಿದೆ! ಮತ್ತೆ ಆ ಜಾಗದಲ್ಲಿ ಬೇರೆ ಧರ್ಮದವರೂ ಇರುತ್ತಾರಲ್ಲ, ಅವರ ಪರವಾಗಿ ಊರಿನ ಆಡಳಿತದಿಂದ ಜಾಗವನ್ನು ಬಾಡಿಗೆಗೆ ಪಡೆಯಬೇಕು. ಕೇಳದೆ ಮಾಡುವ ಹಾಗಿಲ್ಲ. ಮ್ಯಾನ್‌ಹ್ಯಾಟನ್‌ನ ಬಹುಭಾಗ ಇಂಥ ತಂತಿಯೊಳಗೇ ಇದೆ. ಎಲ್ಲಾದರೂ ಕಡಿದಿದೆಯಾ ಅಂತ ವಾರ ವಾರ ಹೋಗಿ ನೋಡಿ ಬರುತ್ತಾರೆ.

ನಿಮ್ಮ ನ್ಯೂಜೆರ್ಸಿಯಲ್ಲೇ ಟೆನಫ್ಲೈ ಅಂತ ಊರಿದೆ. ಅಲ್ಲಿನ ಆಡಳಿತ ಎರುವ್ ಸಲುವಾಗಿ ಕಂಬಗಳಿಗೆ ಹಾಕಿದ್ದ ಪಟ್ಟಿಗಳನ್ನು ಕಿತ್ತುಹಾಕಿ ಅಂದಿತು. ಕಂಬಕ್ಕೆ ಏನನ್ನೂ ಅಂಟಿಸಬಾರದು ಅಂತ ಕಾನೂನಿದೆ ಅನ್ನುವ ವಾದ. ಅದೇ ಕಂಬಗಳ ಮೇಲೆ ಮನೆ ನಂಬರು, ಕಳೆದುಹೋದ ನಾಯಿಬೆಕ್ಕಿನ ಚೀಟಿ, ಚರ್ಚಿನ ದಾರಿ ತೋರಿಸುವ ಫಲಕ ಎಲ್ಲ ಇದ್ದವು, ಅವಕ್ಕೆ ಯಾರೂ ತಕರಾರು ಮಾಡಿರಲಿಲ್ಲ. 2002ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಇದನ್ನೇ ಎತ್ತಿ ಹೇಳಿ ಎರುವ್ ಕಡೆಗೆ ತೀರ್ಪು ಕೊಟ್ಟಿತು. ಕಣ್ಣಿಗೇ ಸರಿಯಾಗಿ ಕಾಣದ ಕಪ್ಪು ಪ್ಲಾಸ್ಟಿಕ್ ಪಟ್ಟಿ ಕೆಲವರಿಗೆ ಅಷ್ಟು ಚುಚ್ಚಿತು. ಪಟ್ಟಿ ಚುಚ್ಚಲಿಲ್ಲ ತಾಯಿ, ಪಕ್ಕದಲ್ಲಿ ಬಂದು ಇರುವವರು ಚುಚ್ಚಿದರು.

ನಾನು ಹುಡುಗನಾಗಿದ್ದಾಗ ಮುಂಬಯಿಯ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದೆ. ಅಲ್ಲಿ ಅಚ್ಚಿನ ಮೊಳೆ ಜೋಡಿಸುವ ಹಿರಿಯರೊಬ್ಬರಿದ್ದರು, ಬೆನೆ ಇಸ್ರೇಲ್ ಎಂಬ ಕೊಂಕಣದ ಯಹೂದಿ ಸಮುದಾಯದವರು. ಮಾತೆಲ್ಲ ಮರಾಠಿ. ಕೊಂಕಣದಲ್ಲಿ ಅವರ ಹಿರಿಯರು ಗಾಣ ನಡೆಸುತ್ತಿದ್ದರು, ಶನಿವಾರ ಗಾಣ ನಿಲ್ಲಿಸುತ್ತಿದ್ದರು, ಅದಕ್ಕೆ ಸುತ್ತಲಿನವರು ಅವರನ್ನು 'ಶನಿವಾರ್ ತೇಲಿ' ಅಂತ ಕರೆದರು. ಅಂದರೆ ಶನಿವಾರದ ಗಾಣಿಗರು. ಆ ಹೆಸರು ಕೊಟ್ಟದ್ದು ನೆರೆಹೊರೆ. ಅವರಲ್ಲಿ ಒಂದು ಕಥೆಯೂ ಇದೆ. ಕಂಪನಿ ಸೈನ್ಯದಲ್ಲಿದ್ದ ಸಮಾಜಿ ಹಸಾಜಿ ದಿವೇಕರ್ ಎಂಬವರು ಟಿಪ್ಪುವಿನ ಸೈನ್ಯಕ್ಕೆ ಸೆರೆ ಸಿಕ್ಕಿದರಂತೆ, ಇವರು 'ಬನಿ ಇಸ್ರೇಲ್' ಅಂತ ತಿಳಿದು ಟಿಪ್ಪುವಿನ ತಾಯಿ ಜೀವ ಉಳಿಸಿದರಂತೆ. ಬಿಡುಗಡೆಯಾಗಿ ಬಂದ ಅವರು 1796ರಲ್ಲಿ ಮುಂಬಯಿಯಲ್ಲಿ ಕಟ್ಟಿಸಿದ ಸಿನಗಾಗ್ ಇವತ್ತಿಗೂ ಇದೆ.

ಆ ಹಿರಿಯರು ಮತ್ತು ನಾನು ಒಂದು ಒಪ್ಪಂದ ಮಾಡಿಕೊಂಡಿದ್ದೆವು. ಅವರ ಶನಿವಾರದ ಪಾಳಿ ನಾನು, ನನ್ನ ಭಾನುವಾರದ ಪಾಳಿ ಅವರು. ಪಾಸೋವರ್‌ಗೆ ಮನೆಗೆ ಕರೆಯುತ್ತಿದ್ದರು. ಯುರೋಪಿನ ಯಹೂದಿಗಳು ಆ ದಿನಗಳಲ್ಲಿ ಅಕ್ಕಿಯನ್ನೂ ಬಿಡುತ್ತಾರೆ, ಇವರಲ್ಲಿ ಅಕ್ಕಿ ನಡೆಯುತ್ತದೆ. ಅವರ ಹೆಂಡತಿ ಹಬ್ಬಕ್ಕೆ ಮುಂಚೆ ಮೊರದಲ್ಲಿ ಅಕ್ಕಿ ಹಾಕಿಕೊಂಡು ಒಂದೊಂದೇ ಕಾಳು ನೋಡುತ್ತಾ ಕೂತಿರುತ್ತಿದ್ದರು, ಎಲ್ಲಾದರೂ ಗೋಧಿ ಕಾಳು ಬೆರೆತಿದ್ದರೆ ಅಂತ. ಖರ್ಜೂರದ ಪಾಕ ಮಾಡಿ ಬಡಿಸುತ್ತಿದ್ದರು. ಎರಡು ವರ್ಷ ನಡೆದ ಮೇಲೆ ಹೊಸ ಮ್ಯಾನೇಜರ್ ಬಂದು ಪಾಳಿ ಬದಲು ಮಾಡಿಕೊಳ್ಳುವುದನ್ನು ನಿಲ್ಲಿಸಿದ. ನಿಯಮ ಎಲ್ಲರಿಗೂ ಒಂದೇ ಅಂದ. ಹಿರಿಯರು ಕೆಲಸ ಬಿಟ್ಟರು. ಯಾರಿಗೂ ನಷ್ಟವಿಲ್ಲದ ಒಂದು ಒಪ್ಪಂದ ಅವನ ಕಣ್ಣಿಗೆ ಕಳ್ಳದಾರಿಯಾಗಿ ಕಂಡಿತ್ತು. ನಿಮ್ಮ ಪತ್ರದಲ್ಲಿ ಆ ಪದ ನೋಡಿದ ಕೂಡಲೇ ನನಗೆ ಆ ಮೊರ, ಆ ಅಕ್ಕಿ ಕಣ್ಣ ಮುಂದೆ ಬಂತು.

ನಿಮ್ಮತ್ತೆಯ ಉಪ್ಪಿಟ್ಟಿನ ಬಗ್ಗೆಯೂ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಏಕಾದಶಿ ದಿನ ಅವರು ಅನ್ನ ಬಿಟ್ಟರು. ಮನೆಮಂದಿಗೆ ಅಡುಗೆ ಬಿಟ್ಟರಾ? ನೀರು ಸೇದುವುದು, ಬಟ್ಟೆ ಒಗೆಯುವುದು ಬಿಟ್ಟರಾ? ಒಂದು ತಟ್ಟೆ ಉಪ್ಪಿಟ್ಟು ತಿಂದು ಇಡೀ ದಿನ ದುಡಿದಿದ್ದಾರೆ. ಅನ್ನವೇ ಊಟವಾದ ಮನೆಯಲ್ಲಿ ಅನ್ನ ಬಿಡುವುದು ಸಣ್ಣ ವಿಷಯವಲ್ಲ. ಆ ಉಪ್ಪಿಟ್ಟು ಇರದಿದ್ದರೆ ಏಕಾದಶಿ ಮಠದ ಸ್ವಾಮಿಗಳಿಗೆ ಮಾತ್ರ ಉಳಿಯುತ್ತಿತ್ತು. ನೀವು ನಗುವ ಮುಂಚೆ ಅವರನ್ನು ಒಮ್ಮೆ ಕೇಳಬಹುದಿತ್ತು.

ಕೇಳುವವರೇ ಈಗ ಕಡಿಮೆ. ಒಂದು ಗುಂಪು ಎಲ್ಲವನ್ನೂ ಮೂಢನಂಬಿಕೆ ಅಂತ ಎಸೆಯುತ್ತದೆ. ಇನ್ನೊಂದು ಗುಂಪು ಅಜ್ಜಿಯರಿಗೂ ಗೊತ್ತಿಲ್ಲದಷ್ಟು ಬಿಗಿ ಮಾಡುತ್ತದೆ. ಎರಡಕ್ಕೂ ಪಕ್ಕದ ಮನೆ ಬೇಡ. ನಮ್ಮ ಬೆಂಗಳೂರಿನಲ್ಲೇ ನೋಡಿ, ಬಾಡಿಗೆಗೆ ಮನೆ ಕೇಳಿದರೆ ಮೊದಲು ಏನು ತಿನ್ನುತ್ತೀರಿ ಅಂತ ಕೇಳುತ್ತಾರೆ. ಎದುರು ಬಾಗಿಲಿನವರ ಹೆಸರು ಗೊತ್ತಿಲ್ಲ, ಅವರ ಹಬ್ಬದ ಸದ್ದಿನ ಮೇಲೆ ದೂರು ಮಾತ್ರ ವಾಟ್ಸಾಪ್ ಗುಂಪಿಗೆ ತಪ್ಪದೆ ಬರುತ್ತದೆ. ಒಂದೇ ಲಿಫ್ಟಿನಲ್ಲಿ ಹತ್ತು ವರ್ಷ ಹತ್ತಿ ಇಳಿದವರು ಒಬ್ಬರ ಮನೆಯಲ್ಲಿ ಒಬ್ಬರು ನೀರು ಕುಡಿದಿಲ್ಲ. ಅಂಥ ಕಾಲದಲ್ಲಿ ಒಂದು ಧರ್ಮ ತನ್ನ ದೊಡ್ಡ ಹಬ್ಬವನ್ನು ಸರಿಯಾಗಿ ನಡೆಸಬೇಕಾದರೆ ಬೇರೆ ಧರ್ಮದವರ ಬಾಗಿಲು ತಟ್ಟಿ ಬೀಗದ ಕೈ ಕೊಡಬೇಕು! ಹಾಸನದ ಒಬ್ಬರು ಹೂಂ ಅನ್ನದಿದ್ದರೆ ನಿಮ್ಮ ಬೀದಿಯವರ ಪಾಸೋವರ್ ಕಷ್ಟಕ್ಕೆ ಬೀಳುತ್ತಿತ್ತು. ನಿಮ್ಮ ಯಜಮಾನರನ್ನು ಅವರು ಎಷ್ಟು ನಂಬಿದ್ದಾರೆ ಅಂತ ನಿಮಗೆ ಅನ್ನಿಸಲಿಲ್ಲವೇ?

ಈಗ ನಿಮ್ಮ ಪ್ರಶ್ನೆ. ಹಬ್ಬದ ಎಂಟು ದಿನದಲ್ಲಿ ತಿಂಡಿ ಏನೂ ಒಯ್ಯಬೇಡಿ, ಹೂವು ಸಾಕು. ಮೊರಾಕೊದ ಯಹೂದಿಗಳಲ್ಲಿ ಮಿಮೂನಾ ಅಂತ ಒಂದು ಪದ್ಧತಿ ಇದೆ. ಪಾಸೋವರ್ ಮುಗಿದ ರಾತ್ರಿ ಅವರ ಮನೆಯಲ್ಲಿ ಒಂದು ಹಿಡಿ ಹಿಟ್ಟೂ ಇರುವುದಿಲ್ಲ. ಆಗ ಪಕ್ಕದ ಮುಸ್ಲಿಮರು ಹಿಟ್ಟು, ಹಾಲು, ಬೆಣ್ಣೆ, ಜೇನು ಹಿಡಿದು ಬರುತ್ತಿದ್ದರು. ಆ ಹಿಟ್ಟಿನಿಂದ ಮೊಫ್ಲೆಟಾ ಎನ್ನುವ ತೆಳು ರೊಟ್ಟಿ ಬೇಯಿಸಿ, ಬೆಣ್ಣೆ ಜೇನು ಸವರಿ, ಬಂದವರಿಗೆಲ್ಲ ಕೊಡುತ್ತಿದ್ದರು. ನಿಮ್ಮ ನೆರೆಯವರು ಮೊರಾಕೊದವರು ಆಗಿರಲಿಕ್ಕಿಲ್ಲ, ಪರವಾಗಿಲ್ಲ. ಅಂಗಡಿಯಲ್ಲಿ ಎರಡು ಕೆಜಿ ಗೋಧಿ ಹಿಟ್ಟು ಕೊಳ್ಳಿ. ಪೊಟ್ಟಣದ ಮೇಲೆ ವೃತ್ತದೊಳಗೆ ಇಂಗ್ಲಿಷಿನ 'ಯು' ಅಕ್ಷರ ಇದೆಯಾ ನೋಡಿ, ಅದು ಕೋಷರ್ ಗುರುತು, ಅಂದರೆ ಅವರ ಆಹಾರದ ನಿಯಮಕ್ಕೆ ಒಪ್ಪುತ್ತದೆ ಅಂತ. ಮನೆಯಲ್ಲಿ ಮಾಡಿದ್ದು ಬೇಡ, ಅವರ ಪಾತ್ರೆಯ ನಿಯಮ ಬೇರೆ, ನಿರಾಕರಿಸಲು ಅವರಿಗೆ ಸಂಕಟವಾಗುತ್ತದೆ. ಜೊತೆಗೆ ಒಂದು ಬಾಟಲಿ ಜೇನು ಇರಲಿ. ಹಬ್ಬ ಎಷ್ಟು ಗಂಟೆಗೆ ಮುಗಿಯುತ್ತದೆ ಅಂತ ಮುಂಚೆಯೇ ಕೇಳಿಟ್ಟುಕೊಳ್ಳಿ. ಕತ್ತಲಾದ ಮೇಲೆ ಇಬ್ಬರೂ ಹೋಗಿ. ಪೊಟ್ಟಣ ಒಡೆಯಬೇಡಿ, ಬೀಗದ ಕೈಯನ್ನು ಅದರ ಮೇಲಿಟ್ಟು ಕೊಡಿ.