ರಾಜಕೀಯ ಮತ್ತು ಸರ್ಕಾರದಲ್ಲಿ ಸುದ್ದಿ ಮಾಧ್ಯಮಗಳ ಪಾತ್ರ ಏನು?

ಸರ್ಕಾರ ಏನು ಮಾಡುತ್ತಿದೆ ಅಂತ ಜನರಿಗೆ ತಿಳಿಸುವುದು ಮೊದಲ ಕೆಲಸ. ಅದು ಎಲ್ಲರಿಗೂ ಗೊತ್ತಿರುವುದೇ. ಆದರೆ ಸರ್ಕಾರ ಮುಚ್ಚಿಡಲು ನೋಡಿದ್ದನ್ನು ಹೊರಗೆ ತರುವುದು ಅದಕ್ಕಿಂತ ದೊಡ್ಡ ಕೆಲಸ ಅಂತ ನನ್ನ ಅಭಿಪ್ರಾಯ.

ಅಮೆರಿಕದ ವಾಟರ್‌ಗೇಟ್ ಹಗರಣವನ್ನೇ ನೋಡಿ. 1972ರ ಜೂನ್‌ನಲ್ಲಿ ವಿರೋಧ ಪಕ್ಷದ ಕಚೇರಿಗೆ ನುಗ್ಗಿದ ಐದು ಜನ ಸಿಕ್ಕಿಬಿದ್ದರು. ಮೇಲ್ನೋಟಕ್ಕೆ ಅದು ಸಣ್ಣ ಕಳ್ಳತನ, ಅಷ್ಟೇ. ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ಬಾಬ್ ವುಡ್‌ವರ್ಡ್ ಮತ್ತು ಕಾರ್ಲ್ ಬರ್ನ್‌ಸ್ಟೀನ್ ಅದರ ಬೆನ್ನು ಬಿಡಲಿಲ್ಲ. ಸಿಕ್ಕಿಬಿದ್ದವರಿಗೆ ದುಡ್ಡು ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದರು. ಆ ಜಾಡು ಅಧ್ಯಕ್ಷರ ಕಡೆಯವರವರೆಗೂ ಹೋಯಿತು. ಕೊನೆಗೆ 1974ರ ಆಗಸ್ಟ್‌ನಲ್ಲಿ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಟ್ಟರು. ಒಂದು ಮಾತು ಹೇಳಲೇಬೇಕು, ಪತ್ರಿಕೆ ಒಂದೇ ಅವರನ್ನು ಕೆಳಗಿಳಿಸಲಿಲ್ಲ. ನ್ಯಾಯಾಲಯ, ಸೆನೆಟ್ ಸಮಿತಿ, ತನಿಖೆ ನಡೆಸಿದವರು ಎಲ್ಲರ ಪಾಲೂ ಇತ್ತು. ಆದರೆ ಶುರುವಿನ ತಿಂಗಳುಗಳಲ್ಲಿ ಜನ ಅದನ್ನು ಮರೆಯದಂತೆ ನೋಡಿಕೊಂಡಿದ್ದು ಪತ್ರಿಕೆ.

ಇನ್ನೊಂದು ಪಾತ್ರ ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ. ಯಾವ ವಿಷಯ ಮುಖ್ಯ ಅನ್ನುವುದನ್ನೂ ಮಾಧ್ಯಮವೇ ಹೆಚ್ಚಿನ ಮಟ್ಟಿಗೆ ತೀರ್ಮಾನಿಸುತ್ತದೆ. ಮ್ಯಾಕ್ಸ್‌ವೆಲ್ ಮೆಕಾಂಬ್ಸ್ ಮತ್ತು ಡೊನಾಲ್ಡ್ ಶಾ ಎಂಬ ಸಂಶೋಧಕರು 1968ರ ಅಮೆರಿಕದ ಚುನಾವಣೆ ವೇಳೆ ಮತದಾರರನ್ನು ಮಾತಾಡಿಸಿದರು. ಸುದ್ದಿಯಲ್ಲಿ ಹೆಚ್ಚು ಜಾಗ ಪಡೆದ ವಿಷಯಗಳನ್ನೇ ಮತದಾರರೂ ದೊಡ್ಡ ಸಮಸ್ಯೆ ಅನ್ನುತ್ತಿದ್ದರು. ಹಾಗಾದರೆ ಸುದ್ದಿಯೇ ಆಗದ ಸಮಸ್ಯೆಯ ಗತಿ ಏನು? ಅಧಿಕಾರದಲ್ಲಿರುವವರಿಗೆ ಅದನ್ನು ಬಗೆಹರಿಸುವ ಒತ್ತಡವೇ ಇರುವುದಿಲ್ಲ, ಅಲ್ವಾ?

ಇದೇ ಕಾರಣಕ್ಕೆ ಮಾಧ್ಯಮದ ಮಾಲೀಕರು ಯಾರು, ಅದು ಸರ್ಕಾರಿ ಜಾಹೀರಾತಿನ ಮೇಲೆ ಎಷ್ಟು ನಿಂತಿದೆ ಅನ್ನುವುದನ್ನು ಓದುಗರು ತಿಳಿದುಕೊಂಡಿರಬೇಕು.