ಕಟ್ಟುನಿಟ್ಟು ಬೇಡ, ಪಟ್ಟಿ ಚಿಕ್ಕದು ಮಾಡಿ

ಬೆಳಿಗ್ಗೆ ಬೇಗ ಏಳುವುದು, ವಾಕಿಂಗ್, ಧ್ಯಾನ ಎಲ್ಲ ಶುರು ಮಾಡುತ್ತೇನೆ, ನಾಲ್ಕು ದಿನಕ್ಕೇ ನಿಲ್ಲುತ್ತದೆ, ನನ್ನ ಮೇಲೆ ನಾನೇ ಇನ್ನೂ ಕಟ್ಟುನಿಟ್ಟಾಗುವುದು ಹೇಗೆ ಅಂತ ಕೇಳಿದ್ದೀರಿ. ಆಗಲೇಬೇಡಿ. ನನ್ನನ್ನು ಕೆಳಗೆ ತಳ್ಳಿದ್ದೇ ಆ ಕಟ್ಟುನಿಟ್ಟು.

ಆಗ ನನಗೆ ಯಾವುದರಲ್ಲೂ ಮನಸ್ಸಿರಲಿಲ್ಲ. ಫೋನ್ ಬಂದರೆ ಎತ್ತುತ್ತಿರಲಿಲ್ಲ, ರಾತ್ರಿಯೆಲ್ಲ ಎಚ್ಚರ. ಬದಲಾಗಲೇಬೇಕು ಅಂತ ನಿಮ್ಮ ಹಾಗೇ ಉದ್ದದ ಪಟ್ಟಿ ಮಾಡಿಕೊಂಡೆ. ಕೆಲವು ದಿನ ನಡೆಯಿತು. ಒಂದು ಬೆಳಿಗ್ಗೆ ಏಳಲಾಗಲಿಲ್ಲ.

ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಏಳದೆ ಹೋದದ್ದು ತಪ್ಪಲ್ಲ. ಆಮೇಲೆ ಹಾಸಿಗೆಯಲ್ಲೇ ಕೂತು "ನಿನ್ನ ಕೈಲಿ ಇಷ್ಟೂ ಆಗಲ್ಲ" ಅಂತ ನನಗೆ ನಾನೇ ಹೇಳಿಕೊಂಡೆನಲ್ಲ, ಅದು ತಪ್ಪು. ಹಾಗೆ ಬೈದುಕೊಂಡರೆ ಛಲ ಹುಟ್ಟುತ್ತದೆ ಅಂತ ನಂಬಿದ್ದೆ. ಹುಟ್ಟಿದ್ದು ನಾಚಿಕೆ. ನಾಚಿಕೆಯಾದ ಕಡೆ ಮತ್ತೆ ಹೋಗಲು ಮನಸ್ಸು ಒಪ್ಪುವುದಿಲ್ಲ, ಅಲ್ವಾ? ಪಟ್ಟಿಯನ್ನು ಕಣ್ಣಿಗೆ ಬೀಳದ ಹಾಗೆ ಎತ್ತಿಟ್ಟೆ. ವಾಕಿಂಗ್ ನಿಂತಿತು. ಜೊತೆಗೆ ಬರುತ್ತಿದ್ದ ಗೆಳತಿಗೆ ಮುಖ ತೋರಿಸಲಾಗದೆ ಅವಳ ಜೊತೆ ಮಾತೂ ನಿಂತಿತು. ಒಂದು ಬೆಳಿಗ್ಗೆಯ ನಿದ್ದೆಗೆ ತಿಂಗಳುಗಟ್ಟಲೆ ದಂಡ ಕಟ್ಟಿದೆ.

ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರ ಅಧ್ಯಯನದ ಬಗ್ಗೆ ಆಮೇಲೆ ಓದಿದೆ. ಹೊಸ ಅಭ್ಯಾಸ ಮೈಗೂಡಲು ಸರಾಸರಿ 66 ದಿನ ಬೇಕಾಯಿತಂತೆ. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ ಅದರ ಹತ್ತರಷ್ಟಕ್ಕಿಂತ ಜಾಸ್ತಿ. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವೇ ಇಲ್ಲ! ನಾಲ್ಕು ದಿನಕ್ಕೇ ನೀವು ಸೋತಿರಿ ಅಂತ ಯಾರು ಹೇಳಿದ್ದು?

ಎರಡನೇ ಸಲ ಒಂದೇ ಒಂದು ಕೆಲಸ ಇಟ್ಟುಕೊಂಡೆ. ಎದ್ದ ಕೂಡಲೇ ಹೊರಗೆ ಬೆಳಕಿನಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು. ಬೆಳಗಿನ ಬೆಳಕು ದೇಹದ ಗಡಿಯಾರವನ್ನು ಹಳಿಗೆ ತರುತ್ತದೆ. ನಿಧಾನವಾಗಿ ರಾತ್ರಿ ನಿದ್ದೆ ಬರತೊಡಗಿತು. ತಪ್ಪಿದ ದಿನ, ಗೆಳತಿಗೆ ಹೀಗಾಗಿದ್ದರೆ ಏನು ಹೇಳುತ್ತಿದ್ದೆನೋ ಅದನ್ನೇ ನನಗೂ ಹೇಳಿಕೊಂಡೆ: "ಸುಸ್ತಾಗಿತ್ತು, ಪರವಾಗಿಲ್ಲ, ನಾಳೆ ನೋಡೋಣ." ಹೀಗೆ ಮಾಡಿದರೆ ಸೋಮಾರಿಗಳಾಗುತ್ತೇವೆ ಅನ್ನುವವರ ಮಾತು ಕೇಳಬೇಡಿ. ಮಾರನೇ ದಿನ ನಾನು ಎದ್ದದ್ದು ಈ ಮಾತಿನಿಂದಲೇ.

ನಿಮ್ಮ ಪಟ್ಟಿಯಲ್ಲಿ ಅತಿ ಸುಲಭದ್ದು ಒಂದನ್ನು ಉಳಿಸಿ, ಮಿಕ್ಕಿದ್ದನ್ನೆಲ್ಲ ಇವತ್ತೇ ಹೊಡೆದುಹಾಕಿ. ಮನಸ್ಸಿನ ಭಾರ, ನಿದ್ದೆಗೇಡು ಎರಡು ವಾರ ದಾಟಿದ್ದರೆ ಡಾಕ್ಟರ ಹತ್ತಿರ ಹೋಗಿ, ಸುಮ್ನೆ ತಡ ಮಾಡಬೇಡಿ. ಸಾಯುವ ಯೋಚನೆ ಬಂದರಂತೂ ಎರಡು ವಾರ ಕಾಯುವ ಮಾತೇ ಇಲ್ಲ. ಆ ಕ್ಷಣವೇ ಹತ್ತಿರದವರನ್ನು ಕರೆದು ಹೇಳಿ, ಅವರ ಜೊತೆಯಲ್ಲೇ ಆಸ್ಪತ್ರೆಗೆ ಹೋಗಿ.